‘ಲೆನ್ಸ್ ಹೋಗೇತ್ರಿ’ ಎಂಬ ತೀರ್ಪಿನ ಬಗ್ಗೆ

ಪೂರ್ತಿ ಕೆಟ್ಟ ಯಂತ್ರಕ್ಕಿಂತ ಆಗೊಮ್ಮೆ ಈಗೊಮ್ಮೆ ಕೆಡುವ ಯಂತ್ರ ಹೆಚ್ಚು ಕಾಡುತ್ತದೆ. ಇದು ನಿಮ್ಮ ಅನುಭವಕ್ಕೂ ಬಂದಿರಬೇಕು. ಮನೆಯಲ್ಲಿ ಹಟ ಹಿಡಿದ ಯಂತ್ರವನ್ನು ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟೊಡನೆ ಅದು ಸುಸೂತ್ರವಾಗಿ ನಡೆಯುತ್ತದೆ. ಮನೆಗೆ ತಂದರೆ ಮತ್ತೆ ಅದೇ ಕಥೆ.

ಇಲ್ಲಿ ಹೇಳಹೊರಟಿರುವುದು ಹಳೆಯ ವಿಡಿಯೋ ಗೇಮ್ ಯಂತ್ರಗಳ ಸಿ.ಡಿ. ಓದುವ ಭಾಗದ ಬಗ್ಗೆ. ಸೋನಿ ಕಂಪನಿಯ ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಬಿಡುಗಡೆಯಾದದ್ದು 1994ರ ಡಿಸೆಂಬರ್‌ನಲ್ಲಿ, ಎರಡನೆಯದು 2000ದ ಮಾರ್ಚ್‌ನಲ್ಲಿ. ಎರಡರ ತಯಾರಿಕೆಯೂ ನಿಂತು ಹತ್ತು ವರ್ಷಗಳ ಮೇಲಾಯಿತು. ಹುಬ್ಬಳ್ಳಿ-ಧಾರವಾಡದ ಕೆಲವು ಮನೆಗಳಲ್ಲಿ ಅಟ್ಟ ಸೇರಿದ್ದ ಇಂತಹ ಯಂತ್ರಗಳನ್ನು ಈಗಿನ ವಿದ್ಯಾರ್ಥಿಗಳು ಕೆಳಗಿಳಿಸಿ ಧೂಳು ಕೊಡವುತ್ತಿದ್ದಾರೆ. ಅವು ಒಮ್ಮೆ ಡಿಸ್ಕ್ ಓದುತ್ತವೆ, ಒಮ್ಮೆ ಓದುವುದಿಲ್ಲ. ಅಂಗಡಿಗೆ ಒಯ್ದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಲೆನ್ಸ್ ಹೋಗೇತ್ರಿ.’ ನನ್ನ ತಕರಾರು ಈ ತೀರ್ಪಿನ ಮೇಲೆ. ಅದು ತಪ್ಪೆಂದಲ್ಲ, ಪರೀಕ್ಷೆಯಿಲ್ಲದೆ ಕೊಟ್ಟದ್ದೆಂದು.

ಮೊದಲು, ಆ ಭಾಗ ಎಂತಹ ಕೆಲಸ ಮಾಡುತ್ತದೆ ನೋಡಿ. ಸಿ.ಡಿ.ಯಲ್ಲಿ ಮಾಹಿತಿಯ ಸುರುಳಿ ಜಾಡಿನ ಅಕ್ಕಪಕ್ಕದ ಸುತ್ತುಗಳ ನಡುವೆ ಇರುವ ಅಂತರ ಕೇವಲ 1.6 ಮೈಕ್ರೋಮೀಟರ್. ತಲೆಗೂದಲಿನ ದಪ್ಪದಲ್ಲಿ ಸುಮಾರು ನಲವತ್ತು ಸುತ್ತುಗಳು ಹಿಡಿಯುತ್ತವೆ. 780 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಲೇಸರ್ ಕಿರಣವನ್ನು ಮಸೂರವೊಂದು ಈ ಜಾಡಿನ ಮೇಲೆ ನಾಭೀಕರಿಸಬೇಕು. ಮಸೂರದ ದೂರ ಸುಮಾರು 2 ಮೈಕ್ರೋಮೀಟರ್‌ಗಿಂತ ಹೆಚ್ಚು ಆಚೀಚೆಯಾದರೆ ಬಿಂಬ ಮಸುಕಾಗುತ್ತದೆ. ತಿರುಗುವ ಡಿಸ್ಕಾದರೋ ಮಿಲಿಮೀಟರಿನ ಹತ್ತನೆಯ ಕೆಲವು ಭಾಗಗಳಷ್ಟು ಮೇಲೆ ಕೆಳಗೆ ಓಲಾಡುತ್ತದೆ! ಹಾಗಾಗಿ ಮಸೂರವನ್ನು ಪುಟ್ಟ ಸುರುಳಿ ತಂತಿಗೆ ಜೋಡಿಸಿ, ನಾಲ್ಕು ಹೋಳುಗಳ ದ್ಯುತಿ ಡಯೋಡ್ ಕೊಡುವ ಸಂಕೇತವನ್ನು ಅನುಸರಿಸಿ ಎಡೆಬಿಡದೆ ಕುಣಿಸಬೇಕಾಗುತ್ತದೆ. ಇಷ್ಟರ ಮೇಲೂ ಓದುವಾಗ ತಪ್ಪುಗಳು ಇದ್ದೇ ಇರುತ್ತವೆ. ಅವುಗಳನ್ನು ಗಣಿತದ ಸಂಕೇತವಿಧಾನ ತಿದ್ದುತ್ತದೆ. ಜಾಡಿನಲ್ಲಿ ಎರಡು ಮಿಲಿಮೀಟರ್ ಉದ್ದದ ಮಾಹಿತಿ ಕಾಣೆಯಾದರೂ ಅದನ್ನು ಮರಳಿ ಪಡೆಯಬಹುದು.

ಈ ತಿದ್ದುವ ಶಕ್ತಿಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಹಳೆಯ ಕ್ಯಾಸೆಟ್ ಸವೆದಂತೆ ಅದರ ಧ್ವನಿಯೂ ಮಂಕಾಗುತ್ತಿತ್ತು. ಸಿ.ಡಿ. ಯಂತ್ರದಲ್ಲಿ ಭಾಗಗಳು ಸವೆಯುತ್ತಿದ್ದರೂ ಬಹಳ ಕಾಲ ಹೊರಗೆ ಏನೂ ತೋರುವುದಿಲ್ಲ. ತಿದ್ದುವ ಶಕ್ತಿಯ ಅಂಚನ್ನು ಮುಟ್ಟಿದ ಮೇಲೆ ಸಣ್ಣ ಕಾರಣವೂ ಸಾಕು. ತುಸು ಸೆಕೆ, ತುಸು ಧೂಳು, ತುಸು ಓರೆಯಾದ ಡಿಸ್ಕ್, ಯಾವುದಾದರೂ ಸರಿ, ಅಂದು ಸೋಲು. ಮರುದಿನ ಅದಿಲ್ಲದಿದ್ದರೆ ಗೆಲುವು. ‘ಆಗೊಮ್ಮೆ ಈಗೊಮ್ಮೆ’ ಎನ್ನುವುದು ಯಂತ್ರದ ಚೇಷ್ಟೆಯಲ್ಲ, ಅದು ಅಂಚಿನಲ್ಲಿ ನಿಂತಿದೆ ಎಂಬುದರ ಲಕ್ಷಣ. ಅಂಚಿಗೆ ತಂದದ್ದು ಲೇಸರೇ ಆಗಿರಬೇಕೆಂದಿಲ್ಲ.

ಈಗ ಅಂಗಡಿಯ ಚಿಕಿತ್ಸೆಗೆ ಬರೋಣ. ಲೇಸರ್ ಜೋಡಣೆಯ ಬದಿಯಲ್ಲಿ ‘ಪ್ರಿಸೆಟ್’ ಎಂಬ ಸಣ್ಣ ತಿರುಪು ಇರುತ್ತದೆ. ಅದನ್ನು ತುಸು ತಿರುಗಿಸಿದರೆ ಲೇಸರಿಗೆ ಹೋಗುವ ವಿದ್ಯುತ್ ಹೆಚ್ಚಿ ಬೆಳಕು ಪ್ರಖರವಾಗುತ್ತದೆ. ಆಟ ಶುರುವಾಗುತ್ತದೆ, ಗಿರಾಕಿಗೆ ಖುಷಿ. ಬೇರೆ ಯಾವುದೋ ಕಾರಣದಿಂದ ಕುಂದಿದ ಸಂಕೇತವನ್ನು ಬೆಳಕು ಹೆಚ್ಚಿಸಿ ಮೇಲೆತ್ತಿದಂತಾಯಿತು, ಅಷ್ಟೆ. ಅದಕ್ಕೆ ತೆರುವ ಬೆಲೆ ಲೇಸರಿನ ಆಯುಷ್ಯ: ಹೆಚ್ಚಿನ ವಿದ್ಯುತ್ತಿನಲ್ಲಿ ಡಯೋಡಿನ ಅರೆವಾಹಕ ಬೇಗ ಹಾಳಾಗುತ್ತದೆ, ಮಿತಿ ಮೀರಿದರೆ ಬೆಳಕು ಹೊರಡುವ ಮುಖವೇ ಸುಟ್ಟುಹೋಗುತ್ತದೆ. ಅಳತೆಯಿಲ್ಲದೆ, ಮೂಲ ಸ್ಥಾನವನ್ನು ಗುರುತು ಹಾಕಿಕೊಳ್ಳದೆ ಪ್ರಿಸೆಟ್ ತಿರುಗಿಸುವುದನ್ನು ನಾನು ರಿಪೇರಿ ಎನ್ನಲಾರೆ.

ಧಾರವಾಡದ ವಿದ್ಯಾರ್ಥಿಯೊಬ್ಬ ಮೊದಲ ಸರಣಿಯ ಪ್ಲೇಸ್ಟೇಷನ್ ಒಂದನ್ನು ನನಗೆ ತಂದು ತೋರಿಸಿದ. ಅಂಗಡಿಯಲ್ಲಿ ಎರಡು ಸಲ ಪ್ರಿಸೆಟ್ ತಿರುಗಿಸಿಸಿಕೊಂಡು ಬಂದಿದ್ದ. ಮೊದಲ ಸಲ ಸುಮಾರು ಹದಿನೈದು ದಿನ ನಡೆಯಿತು, ಎರಡನೆಯ ಸಲ ಎರಡು ದಿನ. ಆಮೇಲೆ ಅದು ಯಾವ ಡಿಸ್ಕನ್ನೂ ಓದಲಿಲ್ಲ. ಮಾತಿನ ನಡುವೆ ಅವನೇ ಹೇಳಿದ: ‘ಸರ್, ಅಂಗಡಿಗೆ ಒಯ್ಯೂಕಿಂತ ಮೊದಲ ಬೋರಲ ಹಾಕಿದ್ರ ಛಲೋ ನಡೀತಿತ್ತು.’

ಈ ಒಂದು ವಾಕ್ಯದಲ್ಲಿ ರೋಗನಿರ್ಣಯವೆಲ್ಲ ಇತ್ತು. ಆ ಸರಣಿಯ ಯಂತ್ರಗಳಲ್ಲಿ ಲೇಸರ್ ಹೊತ್ತ ಪ್ಲಾಸ್ಟಿಕ್ ಜಾರುಬಂಡಿ ಪ್ಲಾಸ್ಟಿಕ್ ಹಳಿಯ ಮೇಲೆಯೇ ಜಾರುತ್ತಿತ್ತು; ಶಾಖ ಸೂಸುವ ವಿದ್ಯುತ್ ಪೂರೈಕೆಯ ಭಾಗವೂ ಅದಕ್ಕೆ ಹತ್ತಿರದಲ್ಲೇ ಇತ್ತು. ಸವೆದ ಹಳಿಯ ಮೇಲೆ ಲೇಸರ್ ಓರೆಯಾಗುತ್ತದೆ. ಯಂತ್ರವನ್ನು ತಲೆಕೆಳಗು ಮಾಡಿದರೆ ಜಾರುಬಂಡಿಯ ಭಾರ ಹಳಿಯ ಸವೆಯದ ಬದಿಗೆ ಬಿದ್ದು ಓರೆ ಕಡಿಮೆಯಾಗುತ್ತದೆ. ಡಿಸ್ಕನ್ನು ನಡುವಿನ ಗುಂಡಿ ಹಿಡಿದಿರುವುದರಿಂದ ಅದು ಕೆಳಗೆ ಬೀಳುವುದಿಲ್ಲ. ಭೂಮಿಯ ಗುರುತ್ವ ಲೇಸರಿನ ಬೆಳಕನ್ನು ಹೆಚ್ಚಿಸುವುದಿಲ್ಲವಷ್ಟೆ? ಬೋರಲು ಹಾಕಿದಾಗ ಓದುತ್ತಿದ್ದರೆ ಲೇಸರ್ ಆಗ ಚೆನ್ನಾಗಿತ್ತು ಎಂದೇ ಅರ್ಥ. ಚೆನ್ನಾಗಿದ್ದ ಲೇಸರನ್ನೇ ಚಿಕಿತ್ಸೆ ಕೊಂದಿತು.

ಇನ್ನೊಂದು ಸೂಕ್ಷ್ಮವೂ ಇದೆ. ಅಂಗಡಿಯವರು ಪ್ರಿಸೆಟ್ ಮುಟ್ಟದೆ, ಹಳಿ-ಜಾರುಬಂಡಿ ಸಮೇತ ಇಡೀ ಜೋಡಣೆಯನ್ನೇ ಬದಲಿಸಿದ್ದರೆ ಯಂತ್ರ ಸರಿಹೋಗುತ್ತಿತ್ತು. ಆಗ ‘ಲೆನ್ಸ್ ಹೋಗಿತ್ತು’ ಎಂಬ ಮಾತು ಸಿದ್ಧವಾದಂತೆಯೂ ತೋರುತ್ತಿತ್ತು! ಗುಣವಾದದ್ದು ನಿಜ, ಕೊಟ್ಟ ಕಾರಣ ತಪ್ಪು. ನಮ್ಮ ಪ್ರಯೋಗಾಲಯಗಳಲ್ಲೂ ಈ ಗೊಂದಲ ಕಡಿಮೆಯೇನಿಲ್ಲ.

ತರಗತಿಯಲ್ಲಿ ಮಾಡಿಸಬಹುದಾದ ಒಂದು ಲೆಕ್ಕ ಹೀಗಿದೆ. ಯಂತ್ರವೊಂದು ನಾಲ್ಕು ಸಲಕ್ಕೆ ಒಮ್ಮೆ ಸೋಲುತ್ತದೆ ಎನ್ನಿ. ಅಂಗಡಿಯವರು ಏನೋ ಮಾಡಿ ಮೂರು ಸಲ ಡಿಸ್ಕ್ ಹಾಕಿ ನೋಡಿದರು, ಮೂರೂ ಸಲ ನಡೆಯಿತು. ಏನೂ ಮಾಡದೆ ಸುಮ್ಮನೆ ಕುಳಿತಿದ್ದರೂ ಮೂರು ಸಲ ನಡೆಯುವ ಸಂಭಾವ್ಯತೆ ಮುಕ್ಕಾಲಿನ ಘನ, ಅಂದರೆ 64ರಲ್ಲಿ 27, ಶೇಕಡಾ 42! ಈ ಅದೃಷ್ಟದ ಪಾಲು ಶೇಕಡಾ 5ಕ್ಕಿಂತ ಕಡಿಮೆಯಾಗಬೇಕಾದರೆ ಸತತ ಹನ್ನೊಂದು ಸಲ ಓದಬೇಕು. ಹತ್ತು ಸಾಲದು, ನೀವೇ ಗುಣಿಸಿ ನೋಡಿ. ಅದೂ ಪ್ರಯತ್ನಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಮಾತ್ರ. ಬಿಸಿಯಾದ ಯಂತ್ರದಲ್ಲಿ ಒಂದೇ ಸಮನೆ ಹನ್ನೊಂದು ಸಲ ನೋಡಿದರೆ ಅದು ಒಂದೇ ಸ್ಥಿತಿಯ ಪರೀಕ್ಷೆಯಾಗುತ್ತದೆ. ಋತುಮಾನವೂ ಮೋಸ ಮಾಡೀತು. ಹುಬ್ಬಳ್ಳಿಯಲ್ಲಿ 37 ಡಿಗ್ರಿ ಮುಟ್ಟುವ ಏಪ್ರಿಲ್ ಸೆಕೆಯಲ್ಲಿ ಕೆಟ್ಟದ್ದು ಜೂನ್ ಮಳೆಗೆ ತಾನಾಗಿ ಸರಿಹೋದರೆ ಕೀರ್ತಿ ಮೇ ತಿಂಗಳಲ್ಲಿ ರಿಪೇರಿ ಮಾಡಿದವರದು. ದಿನಕ್ಕೆ ನೂರು ಕೆಲಸಗಳ ನಡುವೆ ಅವರು ಹನ್ನೊಂದು ಸಲ ನೋಡಲಾರರು, ಒಪ್ಪಿದೆ. ಆದರೆ ಯಂತ್ರದ ಒಡೆಯರಾದ ನಿಮಗೆ ಸಮಯವಿದೆ.

ಆದ್ದರಿಂದ ಯಂತ್ರ ಬಿಚ್ಚುವ ಮೊದಲು ನೋಟ್‌ಬುಕ್ ತೆರೆಯಿರಿ. ಯಾವ ಡಿಸ್ಕ್, ಶುರು ಮಾಡಿ ಎಷ್ಟು ನಿಮಿಷವಾಗಿತ್ತು, ಯಂತ್ರ ಹೇಗೆ ಇಟ್ಟಿತ್ತು, ಆಟದ ಯಾವ ಜಾಗದಲ್ಲಿ ನಿಂತಿತು ಎಂದು ಬರೆಯಿರಿ. ತಣ್ಣಗಿದ್ದಾಗ ಮಾತ್ರ ಸೋತರೆ ಹಳಿಯ ಮೇಲೆ ಗಟ್ಟಿಯಾದ ಗ್ರೀಸನ್ನು ಶಂಕಿಸಿ. ಬಿಸಿಯಾದ ಮೇಲೆ ಸೋತರೆ ಲೇಸರ್, ಬೆಸುಗೆ, ಪ್ಲಾಸ್ಟಿಕ್ ಮೂರೂ ಶಂಕಿತರೇ. ಒಂದೇ ಡಿಸ್ಕ್ ಒಂದೇ ಜಾಗದಲ್ಲಿ ನಿಂತರೆ ಡಿಸ್ಕನ್ನೇ ನೋಡಿ. ನಮ್ಮಲ್ಲಿ ಬಹಳ ಕಡೆ ಇದ್ದವು ನಕಲು ಡಿಸ್ಕ್‌ಗಳು. ಅವುಗಳ ಪ್ರತಿಫಲನ ಅಚ್ಚಿನ ಡಿಸ್ಕ್‌ಗಿಂತ ತುಸು ಕಡಿಮೆ, ಹಾಗಾಗಿ ಪರೀಕ್ಷೆಗೆ ಅಸಲು ಡಿಸ್ಕ್ ಒಂದು ಬೇಕೇ ಬೇಕು. ಮೊದಲ ಪ್ಲೇಸ್ಟೇಷನ್ನಿನ ಅಸಲು ಡಿಸ್ಕಿನ ತಳ ಕಪ್ಪು. ಕಣ್ಣಿಗೆ ಕಪ್ಪಾದರೂ ಅವಕೆಂಪು ಕಿರಣಕ್ಕೆ ಅದು ಪಾರದರ್ಶಕ!

ಎರಡನೆಯ ಪ್ಲೇಸ್ಟೇಷನ್ನಿನಲ್ಲಿ ಇನ್ನೂ ಸುಲಭವಾದ ಪರೀಕ್ಷೆ ಇದೆ. ಅದರಲ್ಲಿ ಸಿ.ಡಿ.ಗೆ 780 ನ್ಯಾನೋಮೀಟರ್‌ನ ಲೇಸರ್, ಡಿ.ವಿ.ಡಿ.ಗೆ 650 ನ್ಯಾನೋಮೀಟರ್‌ನ ಬೇರೆ ಲೇಸರ್. ನೀಲಿ ತಳದ ಸಿ.ಡಿ. ಆಟಗಳು ಸರಾಗವಾಗಿ ನಡೆದು, ಬೆಳ್ಳಿ ತಳದ ಡಿ.ವಿ.ಡಿ. ಆಟಗಳು ಮಾತ್ರ ಸೋಲುತ್ತಿದ್ದರೆ ಎರಡಕ್ಕೂ ಸಮಾನವಾದ ಮೋಟಾರು, ಹಳಿಗಳ ಮೇಲಿನ ಅನುಮಾನ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಡಿ.ವಿ.ಡಿ.ಯ ಜಾಡುಗಳು 0.74 ಮೈಕ್ರೋಮೀಟರ್ ಅಂತರದಲ್ಲಿರುವುದರಿಂದ ಸಣ್ಣ ಓರೆಯೂ ಅಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಹಾಗಾಗಿ ಪೂರ್ತಿ ಖುಲಾಸೆ ಕೊಡಬೇಡಿ.

ಬಿಚ್ಚುವುದೇ ಆದರೆ ಪ್ಲಗ್ ಕಿತ್ತು, ವಿದ್ಯುತ್ ಪೂರೈಕೆಯ ಕೆಪಾಸಿಟರ್ ಬರಿದಾಗುವವರೆಗೆ ಕಾಯಿರಿ. ಮುಚ್ಚಳ ತೆರೆದು ಓಡಿಸುವಾಗ ಮಸೂರದೊಳಕ್ಕೆ ಇಣುಕಬೇಡಿ, 780 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಹೆಚ್ಚುಕಡಿಮೆ ಕಾಣದೆಯೇ ಅಕ್ಷಿಪಟಲವನ್ನು ಸುಡಬಲ್ಲದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಹನ್ನೊಂದು ಸಲ ನೋಡಿ. ಧಾರವಾಡದ ಆ ಹುಡುಗ ಈಗ ಬೇರೆ ಜೋಡಣೆ ಹಾಕಿಕೊಂಡಿದ್ದಾನೆ. ಅದರ ಪ್ರಿಸೆಟ್ಟಿನ ಮೂಲ ಸ್ಥಾನವನ್ನು ಅಳೆದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದಾನೆ.