ಉದಯಗಿರಿಯ ಗರಗಸ, ಜಗನ್ಮೋಹನದ ದೀಪ

ಬೀಟೆ ಹಲಗೆಯ ಮೇಲೆ ಅಂಬಾರಿ ಹೊತ್ತ ಆನೆ ಮೈಸೂರಿನಲ್ಲಿ ಯಾರ ಮನೆಯ ಗೋಡೆಯ ಮೇಲಿಲ್ಲ? ನಿವೃತ್ತರಾದ ಮೇಷ್ಟರಿಗೆ ಅದೇ, ಗೃಹಪ್ರವೇಶಕ್ಕೆ ಅದೇ, ಅಮೆರಿಕದಿಂದ ರಜೆಗೆ ಬಂದ ಭಾವಮೈದುನನಿಗೂ ಅದೇ. ಕೊಡುವವರು ಸುತ್ತಿದ ಕಾಗದ ಚೆನ್ನಾಗಿದೆಯೇ ಎಂದು ನೋಡುತ್ತಾರೆ, ಪಡೆದವರು ಮೊಳೆ ಹುಡುಕುತ್ತಾರೆ. ಆನೆಯನ್ನು ನೋಡುವವರು ಕಡಿಮೆ. ಒಮ್ಮೆ ಅದನ್ನು ಗೋಡೆಯಿಂದ ಇಳಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕಿವಿಗೆ ಕೂರಿಸಿದ ಮರದ ಎಳೆ ಒಂದು ದಿಕ್ಕಿಗೆ ಹರಿದಿರುತ್ತದೆ, ಸೊಂಡಿಲಿನದು ಇನ್ನೊಂದು ದಿಕ್ಕಿಗೆ. ಕೆಲಸ ಒಳ್ಳೆಯದಾಗಿದ್ದರೆ ಸೊಂಡಿಲು ಬಾಗಿದ ಕಡೆ ಎಳೆಯೂ ಬಾಗಿರುತ್ತದೆ. ಯಾರೋ ಒಬ್ಬರು ಚೂರುಗಳ ರಾಶಿಯಲ್ಲಿ ಕೈಯಾಡಿಸಿ, ಒಂದನ್ನು ಎತ್ತಿ, ತಿರುಗಿಸಿ, ಬೇಡವೆಂದು ಬಿಸಾಕಿ, ಮತ್ತೊಂದನ್ನು ಎತ್ತಿ, ಇದು ಸೊಂಡಿಲಾಗುತ್ತದೆ ಎಂದು ತೀರ್ಮಾನಿಸಿದ್ದಾರೆ. ಆ ತೀರ್ಮಾನ ಕಣ್ಣಿಗೆ ಬಿದ್ದರೆ ಹಲಗೆ ಉಡುಗೊರೆಯ ಸಾಮಾನಾಗಿ ಉಳಿಯುವುದಿಲ್ಲ.

ಇಂಥ ತೀರ್ಮಾನ ಮಾಡುವ ಕೈಗಳು ಮಂಡಿ ಮೊಹಲ್ಲಾದಿಂದ ಉದಯಗಿರಿಯ ಕಡೆಗೆ ಹರಡಿದ ಗಲ್ಲಿಗಳಲ್ಲಿವೆ. ಪ್ರವಾಸಿಗರ ನಕ್ಷೆಯಲ್ಲಿ ಉದಯಗಿರಿ ಇಲ್ಲ. ಮೈಸೂರೆಂದರೆ ಅರಮನೆ, ಬೆಟ್ಟ, ಮೃಗಾಲಯ ಎನ್ನುವವರಿಗೆ ಊರಿನ ಈ ಪೂರ್ವದ ಭಾಗ ಬರೀ ಒಂದು ಬಸ್ಸಿನ ಬೋರ್ಡು. ಆದರೆ ಒತ್ತೊತ್ತಾದ ಮನೆಗಳ ನಡುವೆ, ದಖನಿ ಉರ್ದುವೂ ಕನ್ನಡವೂ ಒಂದೇ ವಾಕ್ಯದಲ್ಲಿ ಓಡಾಡುವ ಈ ಬೀದಿಗಳಲ್ಲಿ, ತೆರೆದ ಬಾಗಿಲೊಂದರ ಮುಂದೆ ಮರದ ಹುಡಿಯ ವಾಸನೆ ಬಂದರೆ ನಿಂತು ನೋಡಬೇಕು. ಈ ಕಸುಬಿಗೆ ಇನ್ಲೇ ಕೆಲಸ ಅನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಏನಾದರೂ ಇದ್ದೀತು, ಇಲ್ಲಿ ಅದು ಇನ್ಲೇ. ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಬಂದದ್ದೂ ಮೈಸೂರು ರೋಸ್‌ವುಡ್ ಇನ್ಲೇ ಎಂಬ ಹೆಸರಿಗೇ.

ಶಾಲೆ ಬಿಟ್ಟು ಬಂದ ಹುಡುಗನೊಬ್ಬ ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದ: "ಚಾಚಾ, ಈ ಹಳದಿ ಯಾವ ಪೇಂಟು?"

"ಪೇಂಟ್ ಇಲ್ಲ ಬೇಟಾ, ಹಲಸು."

"ಈ ಕರಿದು?"

"ಕರಿಮರ. ಅದಕ್ಕೆ ಬಣ್ಣ ಯಾಕೆ ಬೇಕು, ದೇವರೇ ಹಚ್ಚವನೆ."

ಇಡೀ ಕಲೆಯ ಪಾಠ ಈ ನಾಲ್ಕು ಮಾತಿನಲ್ಲಿ ಮುಗಿಯಿತು. ಇನ್ಲೇಯಲ್ಲಿ ಬಣ್ಣ ಹಚ್ಚುವುದಿಲ್ಲ, ಬಣ್ಣ ಹುಡುಕುವುದು. ಚಿತ್ರವನ್ನು ಕಾಗದದ ಮೇಲೆ ಬರೆದು, ಅದರ ಒಂದೊಂದು ತುಂಡಿಗೂ ತಕ್ಕ ಮರ ಆರಿಸಿ, ನೂಲಿನಷ್ಟು ಸಣ್ಣ ಅಲಗಿನ ಗರಗಸದಲ್ಲಿ ಕೊಯ್ಯುತ್ತಾರೆ. ಬೀಟೆಯಲ್ಲಿ ಅದೇ ಆಕಾರಕ್ಕೆ ಉಳಿಯಿಂದ ಗುಂಡಿ ತೋಡಿ, ಅಂಟು ಹಚ್ಚಿ ಕೂರಿಸುತ್ತಾರೆ. ಆಮೇಲೆ ಉಜ್ಜಿ ಉಜ್ಜಿ ಸಮ ಮಾಡಿ, ಕಣ್ಣು, ಮಡಿಕೆ, ಒಡವೆಯ ಗೆರೆಗಳನ್ನು ಸೂಜಿಮೊನೆಯಲ್ಲಿ ಗೀರಿ ಕಪ್ಪು ತುಂಬುತ್ತಾರೆ. ಕೊನೆಗೆ ಪಾಲಿಶ್. ಹಿಂದೆ ದಂತವನ್ನು ಕೂರಿಸುತ್ತಿದ್ದರು. ಅರಮನೆಯ ಅಂಬಾವಿಲಾಸದ ಬಳಿಯ ಬೀಟೆ ಬಾಗಿಲಲ್ಲಿ ಆ ಕಾಲದ ಕೈಚಳಕ ಈಗಲೂ ಇದೆ. ಕಾನೂನು ದಂತವನ್ನು ತಡೆಯಿತು, ಒಳ್ಳೆಯದೇ ಆಯಿತು. ಆನೆಯ ಚಿತ್ರಕ್ಕಾಗಿ ಆನೆ ಸಾಯುವ ಅಗತ್ಯವಿಲ್ಲ. ಇನ್ನೊಂದು ಮಾತು. ಈ ಗಲ್ಲಿಗಳ ಮುಸ್ಲಿಂ ಕಸುಬುದಾರರು ಕೂರಿಸುವ ಗಣಪತಿ, ಕೃಷ್ಣ, ಗೀತೋಪದೇಶದ ಹಲಗೆಗಳು ಯಾರಿಗೂ ವಿಶೇಷ ಅನ್ನಿಸದಷ್ಟು ಸಹಜವಾಗಿ ಎಷ್ಟೋ ತಲೆಮಾರಿನಿಂದ ಮನೆಮನೆಯ ದೇವರ ಕೋಣೆ ಸೇರಿವೆ.

ಇಲ್ಲಿಂದ ಪೇಟೆಯ ಕಡೆಗೆ ಇಳಿದರೆ ಇರ್ವಿನ್ ರಸ್ತೆಯಲ್ಲಿ ವೆಲ್ಲಿಂಗ್ಟನ್ ಹೌಸ್. ಟಿಪ್ಪು ಮಡಿದ 1799ರ ನಂತರ ಆರ್ಥರ್ ವೆಲ್ಲೆಸ್ಲಿ ಇದ್ದ ಮನೆ. ಅವನೇ ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಇವತ್ತು ಅದು ಭೋಪಾಲದ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಪ್ರಾದೇಶಿಕ ಕೇಂದ್ರ. ದಂಡನಾಯಕನ ಮನೆ ಕುಂಬಾರರ, ಬಡಗಿಗಳ, ಚಿತ್ರಕಾರರ ಮನೆಯಾಗಿದೆ. ಇತಿಹಾಸ ಮಾಡಿದ ಇಂಥ ತಮಾಷೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಆ ಸಂಗ್ರಹಾಲಯ ನಡೆಸುವ ಶಿಕ್ಷಣ ಕಾರ್ಯಕ್ರಮಕ್ಕೆ 'ಮಾಡಿ ಕಲಿ' ಎಂಬ ಅರ್ಥದ ಹೆಸರಿದೆ. ಸಾಂಪ್ರದಾಯಿಕ ಕಸುಬುದಾರರೊಬ್ಬರನ್ನು ಕರೆಸುತ್ತಾರೆ, ಆಸಕ್ತರು ಹೆಸರು ಕೊಟ್ಟು ಕೆಲವು ದಿನ ಅವರ ಎದುರು ಕೂರುತ್ತಾರೆ, ಕೈಗೆ ಮಣ್ಣೋ ಮರವೋ ಕುಂಚವೋ ಬರುತ್ತದೆ. ಉಪನ್ಯಾಸ ಕಡಿಮೆ.

ಇಂಥ ಕಡೆ ಕೂತು ಎದ್ದವರು ಕಲಾವಿದರಾಗುತ್ತಾರೆಂಬ ಭ್ರಮೆ ಯಾರಿಗೂ ಬೇಡ. ಆಗುವುದು ಬೇರೆಯೇ. ಮೈಸೂರು ಸಾಂಪ್ರದಾಯಿಕ ಚಿತ್ರವನ್ನೇ ತೆಗೆದುಕೊಳ್ಳಿ. ಬಿಳಿಯ ಸಫೇದ, ಹಳದಿಯ ಮಕ್ಕಿ, ಅಂಟು ಕಲೆಸಿದ ಪಾಕವನ್ನು ಕುಂಚದ ತುದಿಯಲ್ಲಿ ತೆಗೆದು, ದೇವಿಯ ಒಡ್ಯಾಣದ ಮೇಲೆ ಸಾಸಿವೆಯಷ್ಟು ಚುಕ್ಕೆಗಳನ್ನು ಸಾಲಾಗಿ ಇಡಬೇಕು. ಪಾಕ ತೆಳುವಾದರೆ ಹರಡುತ್ತದೆ, ಗಟ್ಟಿಯಾದರೆ ಕುಂಚ ಬಿಡುವುದಿಲ್ಲ. ಹತ್ತು ಚುಕ್ಕೆ ಇಡುವಷ್ಟರಲ್ಲಿ ಉಸಿರು ಬಿಗಿ ಹಿಡಿದಿರುತ್ತೀರಿ. ಆ ಉಬ್ಬಿನ ಮೇಲೆ ಚಿನ್ನದ ರೇಕು ಕೂರಿಸಿ, ತೆಳು ಕಾಗದ ಹರಡಿ, ನುಣುಪಾದ ಕಲ್ಲಿನಿಂದ ಮೆಲ್ಲಗೆ ತೀಡಬೇಕು. ತಂಜಾವೂರಿನವರ ಉಬ್ಬು ಎದ್ದು ನಿಲ್ಲುತ್ತದೆ, ಕಲ್ಲು ಹರಳುಗಳನ್ನೂ ಸೇರಿಸುತ್ತಾರೆ. ಮೈಸೂರಿನದು ಬೆರಳಿಗೆ ಹತ್ತಿದರೂ ಹತ್ತದ ಹಾಗೆ ತಗ್ಗಿನಲ್ಲಿದೆ. ಗದ್ದಲವಿಲ್ಲದ ಚಿನ್ನ. ಹಳಬರು ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲ ಪೆನ್ಸಿಲ್ ಮಾಡಿಕೊಳ್ಳುತ್ತಿದ್ದರು, ಅಳಿಲ ಕೂದಲಿನ ಕುಂಚ ಕಟ್ಟುತ್ತಿದ್ದರು, ತೀರ ಸಣ್ಣ ಗೆರೆಗೆ ಹುಲ್ಲಿನ ಮೊನೆ ಬಳಸುತ್ತಿದ್ದರು. ಹತ್ತು ಚುಕ್ಕೆಗಳಲ್ಲಿ ಸೋತವನು ಮರುದಿನ ಗ್ಯಾಲರಿಗೆ ಹೋದರೆ, ಪೂರ್ತಿ ಒಡ್ಯಾಣ, ತೋಳ್ಬಂದಿ, ಕಿರೀಟವಿರುವ ರಾಜರಾಜೇಶ್ವರಿಯ ಮುಂದೆ ಅರ್ಧ ಗಂಟೆ ನಿಲ್ಲುತ್ತಾನೆ. ಕಲಿಸಿದ್ದು ಚಿತ್ರ ಬರೆಯುವುದನ್ನಲ್ಲ, ನಿಲ್ಲುವುದನ್ನು.

ಆ ನಿಲ್ಲುವಿಕೆಗೆ ಮೈಸೂರಿನಲ್ಲಿ ಜಗನ್ಮೋಹನ ಅರಮನೆಗಿಂತ ಒಳ್ಳೆಯ ಜಾಗವಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೊಸದು ಏಳುವವರೆಗೂ ರಾಜಮನೆತನದ ವಾಸ ಇಲ್ಲೇ. 1915ರಲ್ಲಿ ಕಲಾ ಗ್ಯಾಲರಿಯಾಯಿತು. ಈಗಿನ ಹೆಸರು ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ. ಜನ ಬರುವುದು ಮುಖ್ಯವಾಗಿ ಎರಡಕ್ಕೆ: ರವಿವರ್ಮನ ಚಿತ್ರಗಳಿಗೆ, ದೀಪ ಹಿಡಿದ ಹೆಣ್ಣಿಗೆ.

ದೀಪದ ಹೆಣ್ಣಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಬರುವವರ ಮಾತು ಕೇಳಬಹುದು. ಅಪ್ಪ ಮಗಳಿಗೆ ಹೇಳುತ್ತಾನೆ: "ನೋಡು, ರವಿವರ್ಮ ಬರೆದದ್ದು." ಅಲ್ಲ. ಅದನ್ನು ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದನ್‌ಕರ್, 1945-46ರಲ್ಲಿ. ರವಿವರ್ಮ ತೀರಿಕೊಂಡು ಆಗಲೇ ನಾಲ್ಕು ದಶಕವಾಗಿತ್ತು. ಮಾದರಿಯಾಗಿ ನಿಂತವಳು ಅವರ ಮಗಳು ಗೀತಾ, ಮುಂದೆ ಗೀತಾ ಉಪಳೇಕರ್. ನೂರು ದಾಟಿ ಬದುಕಿದ ಆಕೆ 2018ರಲ್ಲಿ ತೀರಿಕೊಂಡರು. ಇನ್ನೂ ದೊಡ್ಡ ಸಂಗತಿ, ಅದು ತೈಲವರ್ಣವಲ್ಲ, ಜಲವರ್ಣ. ಇಷ್ಟು ಗೊತ್ತಾದ ಮೇಲೆ ಮತ್ತೆ ನೋಡಿ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಾಗಿ ನುಸುಳಿದೆ. ಕತ್ತಲಲ್ಲಿ ಟಾರ್ಚಿಗೆ ಅಂಗೈ ಮುಚ್ಚಿ ಆಡಿದ ಪ್ರತಿಯೊಬ್ಬರಿಗೂ ಈ ಕೆಂಪು ಗೊತ್ತು. ತೈಲದಲ್ಲಾದರೆ ಕತ್ತಲ ಮೇಲೆ ಬೆಳಕನ್ನು ಕೊನೆಗೆ ಮೆತ್ತಬಹುದು, ತಪ್ಪಿದರೆ ಮುಚ್ಚಬಹುದು. ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪು. ಅದನ್ನು ಮೊದಲ ಕುಂಚ ಇಳಿಯುವ ಮುಂಚೆಯೇ ಮನಸ್ಸಿನಲ್ಲಿ ಕಾಯ್ದಿಟ್ಟು, ಸುತ್ತಲೂ ಕತ್ತಲು ತುಂಬುತ್ತ ಬರಬೇಕು. ಅಂದರೆ ಆ ಚಿತ್ರದಲ್ಲಿ ಅತ್ಯಂತ ಹೊಳೆಯುವ ಜಾಗ ಕಲಾವಿದನ ಕೈ ಅತ್ಯಂತ ಕಡಿಮೆ ಮುಟ್ಟಿದ ಜಾಗ.

ಇನ್ಲೇಯ ಹಲಸಿಗೂ ಈ ಕಾಗದಕ್ಕೂ ನೆಂಟಸ್ತನವಿದೆ. ಮರದ ಹಳದಿ ಮರದ್ದೇ, ಕಾಗದದ ಬೆಳಕು ಕಾಗದದ್ದೇ. ಗಲ್ಲಿಯ ಚಾಚಾನನ್ನು ಕರೆತಂದು ಈ ಚಿತ್ರದ ಮುಂದೆ ನಿಲ್ಲಿಸಿದರೆ ಅವರಿಗೆ ಅರ್ಧ ಮಾತಿನಲ್ಲಿ ಅರ್ಥವಾಗುತ್ತದೆ ಎಂದು ನನಗೆ ಅನುಮಾನವೇ ಇಲ್ಲ. ಕಲೆಯ ಇತಿಹಾಸ ಓದಿದ ನಮಗೇ ಹೆಚ್ಚು ಹೊತ್ತು ಹಿಡಿಯುತ್ತದೆ.

ರವಿವರ್ಮನ 1889ರ ಸಂಗೀತಗಾರ್ತಿಯರ ಚಿತ್ರವೂ ಇಲ್ಲೇ ಇದೆ. ಒಂದೇ ಚೌಕಟ್ಟಿನಲ್ಲಿ ಬೇರೆ ಬೇರೆ ಪ್ರಾಂತ್ಯದ ಹನ್ನೊಂದು ಹೆಂಗಸರು. ಮಕ್ಕಳ ಗುಂಪಿಗೆ ಇದರ ಮುಂದೆ ಇಸವಿ ಹೇಳುವ ಅವಸರ ಬೇಡ. ಸೀರೆ ಉಟ್ಟಿರುವ ಬಗೆ ಎಷ್ಟು ಎಣಿಸಿ, ನಿಮ್ಮ ಅಜ್ಜಿ ಉಡುವ ಹಾಗೆ ಯಾರಾದರೂ ಉಟ್ಟಿದ್ದಾರಾ, ಯಾರ ಕಣ್ಣು ನಮ್ಮ ಕಡೆಗಿದೆ ಎಂದು ಕೇಳಿ ಸುಮ್ಮನಾದರೆ ಸಾಕು. ಹತ್ತು ನಿಮಿಷದಲ್ಲಿ ಮಕ್ಕಳೇ ಜಗಳಕ್ಕೆ ಬೀಳುತ್ತಾರೆ. ಆ ಜಗಳವೇ ರಸಾಸ್ವಾದ.

ಇಂಥ ಪ್ರಶ್ನೆ ಕೇಳಿ ಸುಮ್ಮನಿರಬಲ್ಲ ಒಬ್ಬರು ಚಿತ್ರದ ಪಕ್ಕದಲ್ಲಿರಬೇಕು. ಅಮೆರಿಕದ ಬಾಸ್ಟನ್ ನಗರದ ಕಲಾ ವಸ್ತುಸಂಗ್ರಹಾಲಯ 1907ರಲ್ಲೇ ಇದಕ್ಕೊಂದು ವ್ಯವಸ್ಥೆ ಮಾಡಿತು, ನೋಡಲು ಬಂದವರ ಜೊತೆ ನಡೆದು ಮಾತಾಡುವವರನ್ನು ನೇಮಿಸಿತು. ಅಲ್ಲಿನ ಕಾರ್ಯದರ್ಶಿ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿ ಒಂದು ಲೇಖನವನ್ನೂ ಬರೆದ. ವಸ್ತುಗಳನ್ನೂ ಚೀಟಿಗಳನ್ನೂ ನೋಡಲು ಮನುಷ್ಯ ಹೇಗೆಲ್ಲ ಬಗ್ಗಿ, ಕುಕ್ಕರಿಸಿ, ಕತ್ತು ತಿರುಚಬೇಕಾಗುತ್ತದೆ ಎಂದು ಫೋಟೊ ಸಮೇತ ತೋರಿಸಿದ. ನೂರು ವರ್ಷದ ಮೇಲೂ ನಮ್ಮ ಅನೇಕ ಗ್ಯಾಲರಿಗಳಲ್ಲಿ ಜನ ಅದೇ ಭಂಗಿಯಲ್ಲಿ ಸಿಗುತ್ತಾರೆ. ಬಾಸ್ಟನ್ನಿನ ಮಾದರಿ ಈಗ ಲೋಕದ ಅನೇಕ ದೊಡ್ಡ ಸಂಗ್ರಹಾಲಯಗಳಲ್ಲಿದೆ. ಬಹಳ ಕಡೆ ಈ ಕೆಲಸ ಮಾಡುವವರು ಸಂಬಳ ಪಡೆಯದ ಸ್ವಯಂಸೇವಕರು: ನಿವೃತ್ತರು, ಗೃಹಿಣಿಯರು, ವಿದ್ಯಾರ್ಥಿಗಳು.

ಮೈಸೂರಿನಲ್ಲಿ ಅಂಥವರಿಗೆ ಬರವಿಲ್ಲ. ನಿವೃತ್ತರ ಊರೆಂದೇ ಹೆಸರಾಗಿದೆ. ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನ, ಊರೆಲ್ಲ 'ಕಾವಾ' ಎನ್ನುವ ಸಂಸ್ಥೆಯ, ಹುಡುಗ ಹುಡುಗಿಯರಿದ್ದಾರೆ. ಸಂಬಳಕ್ಕಿಂತ ದೊಡ್ಡ ಆಸೆಯಿಂದ ದುಡಿದವರ ಪರಂಪರೆಯೂ ಇದೆ. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ 1968ರಲ್ಲಿ ಶುರುವಾದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ ಹಳ್ಳಿ ಹಳ್ಳಿ ಅಲೆದರು. ಸೋಮನ ಮುಖ, ತೊಗಲು ಗೊಂಬೆ, ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಪಾತ್ರೆ ಪಗಡೆ ಅಲ್ಲಿ ಮರ್ಯಾದೆಯಿಂದ ಕೂತವು. ಜಲವರ್ಣದಲ್ಲಿ ನಿಸರ್ಗ ಬರೆಯುತ್ತಿದ್ದ ಕಣ್ಣು ಅದು, ಹಾಗಾಗಿಯೇ ತೊಗಲು ಗೊಂಬೆಯ ಬಣ್ಣವೂ ಅದಕ್ಕೆ ಕಂಡಿತು.

ನಮ್ಮಲ್ಲಿ ಸಂಗ್ರಹಾಲಯದ ಶಿಕ್ಷಣವೆಂದರೆ ಬಹಳ ಸಲ ಚಿತ್ರ ಬಿಡಿಸುವ ಸ್ಪರ್ಧೆ. ವಿಷಯ 'ಪರಿಸರ ಸಂರಕ್ಷಣೆ', ಮೂರು ಬಹುಮಾನ, ಒಂದು ಬಿಸ್ಕತ್ ಪೊಟ್ಟಣ. ಮಕ್ಕಳು ಎರಡು ಗುಡ್ಡದ ನಡುವೆ ಸೂರ್ಯನನ್ನು ಬರೆದು ಮನೆಗೆ ಹೋಗುತ್ತಾರೆ, ಗೋಡೆಯ ಮೇಲಿನ ಒಂದು ಚಿತ್ರವನ್ನೂ ನೋಡಿರುವುದಿಲ್ಲ. ಬಿಸ್ಕತ್ತಿನ ಬಗ್ಗೆ ನನ್ನ ತಕರಾರಿಲ್ಲ. ಬೇಕಾದ್ದು ಒಂದೇ ಚಿತ್ರದ ಮುಂದೆ ಒಂದು ಗಂಟೆ, ಜೊತೆಗೆ ಆ ಚಿತ್ರದ ಸಾಮಗ್ರಿ ಕೈಯಲ್ಲಿ. ಜಲವರ್ಣದ ಮುಂದೆ ಒದ್ದೆ ಕಾಗದದ ಚೂರು, ಬೀಟೆ ಬಾಗಿಲಿನ ಮುಂದೆ ಹಲಸಿನ ಚಕ್ಕೆ.

ಗ್ಯಾಲರಿಗಳಲ್ಲಿ ಹೊಣೆ ಹೊತ್ತವರಿಗೆ ನನ್ನದೊಂದು ಅರಿಕೆ. ಸ್ವಯಂಸೇವಕರನ್ನು ಹುಡುಕುವಾಗ ಇಂಗ್ಲಿಷ್ ಬರುತ್ತದೆಯೇ ಎಂದು ಮೊದಲು ಕೇಳಬೇಡಿ. ಉದಯಗಿರಿ, ಮಂಡಿ ಮೊಹಲ್ಲಾಗಳಲ್ಲಿ ಕಣ್ಣು ಮಂಜಾಗಿ ಗರಗಸ ಬಿಟ್ಟ ಹಿರಿಯ ಕೆಲಸಗಾರರಿದ್ದಾರೆ. ಸಣ್ಣ ಗೆರೆ ಈಗ ಅವರಿಗೆ ಕಾಣದಿರಬಹುದು, ಒಳ್ಳೆಯ ಕೆಲಸ ಯಾವುದು, ಕಳಪೆ ಯಾವುದು ಎಂಬುದು ಬೆರಳಿಗೆ ಗೊತ್ತು. ಭಾನುವಾರ ಒಂದು ಬೆಂಚು ಹಾಕಿ, ನಾಲ್ಕು ಬಗೆಯ ಮರದ ಚೂರಿಟ್ಟು ಅವರನ್ನು ಕೂರಿಸಿ. ಇವರು ಮಾತ್ರ ಬಿಟ್ಟಿ ಸೇವೆಯವರಲ್ಲ, ದಿನಗೂಲಿಯ ಮನೆಯಿಂದ ಬಂದವರು. ಆಟೊ ಖರ್ಚು, ಊಟ, ಗೌರವಧನ ಮರೆಯದೆ ಕೊಡಿ. ಓದುಗರಲ್ಲಿ ನಿವೃತ್ತರಾದವರು, ವಾರಕ್ಕೊಂದು ಬೆಳಗು ಬಿಡುವಿದ್ದವರು, ನಿಮ್ಮ ಹತ್ತಿರದ ಸಂಗ್ರಹಾಲಯಕ್ಕೆ ಹೋಗಿ 'ನಾನು ಬರಲೇ' ಎಂದು ಕೇಳಿ. ಅವರು ಕರೆಯುವವರೆಗೆ ಕಾಯಬೇಡಿ.