‘ಸಂಕೇತ ಸಂಸ್ಕರಣ’: ಒಂದು ಪದವಿಮರ್ಶೆ

ಈಚಿನ ಕನ್ನಡ ವಿಜ್ಞಾನಲೇಖನಗಳಲ್ಲಿ ‘ಸಿಗ್ನಲ್’ ಎಂಬುದನ್ನು ‘ಸಂಕೇತ’ವೆಂದೂ ‘ಸಿಗ್ನಲ್ ಪ್ರೊಸೆಸಿಂಗ್’ ಎಂಬುದನ್ನು ‘ಸಂಕೇತ ಸಂಸ್ಕರಣ’ವೆಂದೂ ಬರೆಯುವುದು ರೂಢಿಯಾಗಿದೆ. ನ್ಯೂಟ್ರಿನೋ ವಿಷಯದಲ್ಲಿ ಈ ಪದಗಳು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಈ ಪದದಿಂದ ಈ ಅರ್ಥವನ್ನು ತಿಳಿಯತಕ್ಕದ್ದೆಂಬ ಏರ್ಪಾಡೇ ಶಾಸ್ತ್ರದಲ್ಲಿ ಸಂಕೇತ. ನಮ್ಮ ತರೀಕೆರೆಯ ರೈಲುನಿಲ್ದಾಣದ ಕೆಂಪು ದೀಪವು ಅಂಥದು. ಅದಕ್ಕೆ ‘ನಿಲ್ಲು’ ಎಂಬರ್ಥವನ್ನು ಕೊಟ್ಟವರು ಮನುಷ್ಯರು. ಅಲ್ಲಿ ಆ ಪದ ಸಲ್ಲುವುದು. ನ್ಯೂಟ್ರಿನೋವಾದರೋ ಯಾರೊಡನೆಯೂ ಒಡಂಬಡಿಕೆ ಮಾಡಿಕೊಂಡುದಲ್ಲ. ವಿದ್ಯುದಾವೇಶವಿಲ್ಲದ ಕಾರಣ ತನ್ನ ಜಾಡನ್ನೂ ಉಳಿಸದು. ಅದು ಪರಮಾಣುವಿಗೆ ತಾಗಿದಾಗ ಹೊಮ್ಮುವ ಕಣಗಳ ಜಾಡಿನಿಂದಲೇ ಅದನ್ನು ತಿಳಿಯಬೇಕು. ಹೊಗೆಯಿಂದ ಬೆಂಕಿಯನ್ನು ತಿಳಿಯುವಂತೆ ಇದು ಅನುಮಾನ. ಆದುದರಿಂದ ಆ ಜಾಡು ಸಂಕೇತವಲ್ಲ, ಲಿಂಗ.

1965ರಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ, ಸುಮಾರು 2.3 ಕಿಲೋಮೀಟರು ಆಳದಲ್ಲಿ, ಟಾಟಾ ಮೂಲವಿಜ್ಞಾನ ಸಂಶೋಧನ ಸಂಸ್ಥೆಯವರೂ ಒಸಾಕಾ, ಡರ್ಹಮ್‌ಗಳ ವಿದ್ವಾಂಸರೂ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಕುರುಹನ್ನು ಕಂಡರು. ಆಕಾಶದಿಂದಿಳಿಯುವ ಮ್ಯುಯಾನುಗಳು ಆ ಆಳವನ್ನು ಮುಟ್ಟಿದರೆ ಬಹುಮಟ್ಟಿಗೆ ನೆಟ್ಟಗೆ ಮೇಲಿನಿಂದಲೇ ಬರಬೇಕು. ಅಡ್ಡಲಾಗಿ ಬಂದುದು ಬಂಡೆಯಲ್ಲಿ ನ್ಯೂಟ್ರಿನೋವಿನಿಂದ ಹುಟ್ಟಿದುದೆಂದು ನಿಶ್ಚಯಿಸಿದರು. ಅಲ್ಲಿ ಜರಡಿಯ ಕೆಲಸವನ್ನು ಬಂಡೆಯೇ ಮಾಡಿತು.

ಅಮೆರಿಕದ ಫರ್ಮಿಲ್ಯಾಬಿನಲ್ಲಿ 2015ರಿಂದ 2021ರವರೆಗೆ ನಡೆದ ಮೈಕ್ರೋಬೂನ್ ಶೋಧಕವು ನೆಲಮಟ್ಟದ ಬಳಿಯೇ ಇದ್ದುದರಿಂದ ಆ ನೆರವು ಅದಕ್ಕಿರಲಿಲ್ಲ. ಸೊನ್ನೆಗಿಂತ ಸುಮಾರು 186 ಡಿಗ್ರಿ ಕೆಳಗೆ ತಣಿದ ದ್ರವ ಆರ್ಗಾನಿನಲ್ಲಿ ಕಣವು ಹಾಯ್ದೆಡೆ ಬಿಡುಗಡೆಯಾದ ಎಲೆಕ್ಟ್ರಾನುಗಳು ವಿದ್ಯುತ್‌ಕ್ಷೇತ್ರದ ಸೆಳೆತದಿಂದ ಮೂರು ತಲಗಳ 8,256 ತಂತಿಗಳತ್ತ ಸರಿಯುತ್ತಿದ್ದುವು. ಆದರೆ ತಂತಿಯು ತನ್ನ ಬಳಿ ಬಂದುದಕ್ಕಲ್ಲದೆ ನೆರೆತಂತಿಯ ಬಳಿ ಸುಳಿದುದಕ್ಕೂ ಮಿಡಿಯುವುದು. ಉಪಕರಣದ ಗದ್ದಲವೂ ಅದರಲ್ಲಿ ಸೇರುವುದು. ಈ ಬೆರಕೆಯನ್ನು ಗಣಿತದಿಂದ ಬಿಡಿಸಿ, ಎಲ್ಲಿ, ಯಾವಾಗ, ಎಷ್ಟು ಎಲೆಕ್ಟ್ರಾನುಗಳು ಬಂದುವೆಂದು ತಿಳಿಯುವುದೇ ಇವರು ಹೇಳುವ ‘ಸಂಸ್ಕರಣ’.

ಸಂಸ್ಕಾರವು ದ್ವಿವಿಧ: ದೋಷಾಪನಯನ, ಗುಣಾಧಾನ. ಇಲ್ಲಿ ಮೊದಲನೆಯದು ಮಾತ್ರ ಸಲ್ಲುವುದು. ಎರಡನೆಯದು ನುಸುಳಿದರೆ ಇಲ್ಲದ ನ್ಯೂಟ್ರಿನೋ ಕಾಣಿಸೀತು. ಓಲೆಗರಿಯ ಪಾಠವನ್ನು ತಿದ್ದುವವನು ತನ್ನ ಕವಿತ್ವವನ್ನೂ ಅದರಲ್ಲಿ ಸೇರಿಸಿದಂತಾದೀತು. ಗದ್ದಲವನ್ನು ಕಳೆಯುವ ಭರದಲ್ಲಿ ಲಿಂಗವನ್ನೇ ಅಳಿಸುವುದೂ ಅಷ್ಟೇ ದೋಷ.

‘ಲಿಂಗ’ ಶಬ್ದಕ್ಕೆ ಕನ್ನಡದಲ್ಲಿ ಅರ್ಥಾಂತರಗಳು ಪ್ರಬಲವಾಗಿರುವುದರಿಂದ ‘ಕುರುಹು’ ಎಂಬ ದೇಶ್ಯವೂ, ಕ್ರಿಯೆಗೆ ‘ಸೋಸುವಿಕೆ’ಯೂ ಲೇಸೆಂದು ನಮ್ಮ ಅಭಿಪ್ರಾಯ. ಸೋಸುವವನು ಕಳೆಯುವನೇ ಹೊರತು ಕೂಡಿಸನು. ವಿದ್ವಾಂಸರು ಪರಾಮರ್ಶಿಸಬೇಕಾಗಿ ಪ್ರಾರ್ಥನೆ.