ಟರ್ಮಿನಲ್ ಕಲಿಕೆಗೆ ಕನ್ನಡದ ಕಡತ

ಲಿನಕ್ಸ್ ಕಲಿಯಲು ಹೊಸ ಕಂಪ್ಯೂಟರ್ ಕೊಳ್ಳಬೇಕಿಲ್ಲ, ಇರುವ ವಿಂಡೋಸನ್ನು ಅಳಿಸಬೇಕಾಗಿಯೂ ಇಲ್ಲ. ಲಿನಕ್ಸ್‌ನ ಒಂದು ರೂಪವಾದ ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಯಂತ್ರ ಶುರು ಮಾಡಿದರೆ ಹಾರ್ಡ್‌ಡಿಸ್ಕ್‌ನಲ್ಲಿ ಏನನ್ನೂ ಬದಲಿಸದೆ ಅಭ್ಯಾಸ ನಡೆಸಬಹುದು. ಹೀಗೆ ಮಾಡಿದ ಕೆಲಸ ಸಾಮಾನ್ಯವಾಗಿ ಯಂತ್ರ ಆರಿಸಿದೊಡನೆ ಅಳಿದುಹೋಗುತ್ತದೆ.

ಮೊದಲು ಆಗಬೇಕಾದದ್ದು ಕನ್ನಡ ಟೈಪಿಂಗ್. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡದ ಕಗಪ ವಿನ್ಯಾಸವನ್ನು ಸೇರಿಸಿಕೊಳ್ಳಬೇಕು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯನ್ನು ಆಧರಿಸಿದ ಈ ವಿನ್ಯಾಸ ಲಿನಕ್ಸ್ ಜೊತೆಗೇ ಬರುತ್ತದೆ.

ಕಂಟ್ರೋಲ್, ಆಲ್ಟ್, ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್, ತೆರೆಯುತ್ತದೆ. ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಕೊಡಬೇಕು. ದೊಡ್ಡ ಅಕ್ಷರ ಬಳಸಿದರೆ ಅದು ಬೇರೆಯೇ ಹೆಸರಾಗುತ್ತದೆ. ಸದ್ಯ ಇರುವ ಜಾಗವನ್ನು ‘ಪಿಡಬ್ಲ್ಯುಡಿ’ ಹೇಳುತ್ತದೆ, ಅಲ್ಲಿರುವುದನ್ನು ‘ಎಲ್‌ಎಸ್’ ತೋರಿಸುತ್ತದೆ, ಬೇರೆಡೆಗೆ ‘ಸಿಡಿ’ ಒಯ್ಯುತ್ತದೆ. ಫೋಲ್ಡರ್‌ಗಳ ಏರ್ಪಾಡು ಜಿಲ್ಲೆ, ತಾಲ್ಲೂಕು, ಹೋಬಳಿ ಎಂದು ಇಳಿಯುವ ವಿಳಾಸದಂತಿದೆ. ‘ಎಂಕೆಡಿಐಆರ್’ ಬಳಸಿ ತಾಲ್ಲೂಕಿನ ಹೆಸರಿನ ‘ಕಡೂರು’, ಅದರೊಳಗೆ ಅಲ್ಲಿನ ಹೋಬಳಿ ‘ಪಂಚನಹಳ್ಳಿ’ ಎಂಬ ಫೋಲ್ಡರ್‌ಗಳನ್ನು ಕನ್ನಡ ಲಿಪಿಯಲ್ಲೇ ಮಾಡಬಹುದು.

ಇನ್ನು ಕಡತ. ‘ಪಂಚನಹಳ್ಳಿ’ ಎಂಬ ಒಂದೇ ಪದವನ್ನು ಕಡತದಲ್ಲಿ ಬರೆದು ‘ಡಬ್ಲ್ಯುಸಿ’ಯಿಂದ ಎಣಿಸಿದರೆ, ಸಾಲಿನ ಕೊನೆಯ ಗುರುತೂ ಸೇರಿ 10 ಸಂಕೇತಗಳು, 28 ಬೈಟ್‌ಗಳು ಸಿಗುತ್ತವೆ. ಸೊನ್ನೆ, ಒತ್ತು, ಗುಡಿಸು ಬೇರೆಬೇರೆ ಸಂಕೇತಗಳಾಗಿರುವುದರಿಂದ ಪದದಲ್ಲಿರುವುದು 9 ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಈ ಪದ್ಧತಿಯನ್ನು 1992ರಲ್ಲಿ ರಾಬ್ ಪೈಕ್ ಜೊತೆ ರೂಪಿಸಿದವರು ಕೆನ್ ಥಾಂಪ್ಸನ್. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಕೆಲಸವನ್ನು 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆರಂಭಿಸಿದವರೂ ಅವರೇ.

ಯುನಿಕ್ಸ್‌ನ ನಿಜವಾದ ಬಲ ಸಣ್ಣ ಆಜ್ಞೆಗಳನ್ನು ಜೋಡಿಸುವುದರಲ್ಲಿದೆ. ಕಡೂರಿನ ಐದು ಹೋಬಳಿಗಳನ್ನು ಯಗಟಿ, ಹಿರೇನಲ್ಲೂರು, ಪಂಚನಹಳ್ಳಿ, ಸಿಂಗಟಗೆರೆ, ಬೀರೂರು ಎಂದು ಸಾಲಿಗೊಂದರಂತೆ ಬರೆದ ಕಡತವನ್ನು ‘ಸಾರ್ಟ್’ ಅಕಾರಾದಿಯಾಗಿ ಜೋಡಿಸುತ್ತದೆ: ಪಂಚನಹಳ್ಳಿ ಮೊದಲು, ಹಿರೇನಲ್ಲೂರು ಕೊನೆ. ‘ಗ್ರೆಪ್’ಗೆ ‘ಹಳ್ಳಿ’ ಎಂದು ಕೊಟ್ಟರೆ ಪಂಚನಹಳ್ಳಿಯ ಸಾಲೊಂದೇ ಬರುತ್ತದೆ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ದಾಟಿಸುವ ಪೈಪ್, ಅಂದರೆ | ಗುರುತು, 1973ರಲ್ಲಿ ಯುನಿಕ್ಸ್‌ಗೆ ಸೇರಿತು. ಅದರ ಹಿಂದಿನ ಆಲೋಚನೆ ಬೆಲ್ ಲ್ಯಾಬ್ಸ್‌ನವರೇ ಆದ ಡಗ್ ಮೆಕಿಲ್‌ರಾಯ್ ಅವರದು. ಐದು ಸಾಲಿಗೆ ನಡೆಯುವ ಈ ಕ್ರಮವೇ ಐವತ್ತು ಸಾವಿರ ಸಾಲಿಗೂ ನಡೆಯುತ್ತದೆ.

ಕೆಲವು ಎಚ್ಚರಿಕೆಗಳಿವೆ. ಅನೇಕ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಅದು ಪರದೆಯ ದೋಷವೇ ಹೊರತು ಕಡತದ್ದಲ್ಲ, ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದರೆ ಸರಿಯಾಗಿರುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯಲ್ಲಿ ಏನೂ ಮೂಡದಿದ್ದರೆ ಗಾಬರಿ ಬೇಡ. ‘ಆರ್‌ಎಂ’ ಅಳಿಸಿದ ಕಡತ ಕಸದ ಬುಟ್ಟಿಗೆ ಹೋಗದೆ ನೇರವಾಗಿ ಇಲ್ಲವಾಗುತ್ತದೆ. ‘ಸುಡೋ’ ಇಡೀ ವ್ಯವಸ್ಥೆಯ ಮೇಲೆ ಅಧಿಕಾರ ಕೊಡುವುದರಿಂದ ಅರ್ಥವಾಗದ ಆಜ್ಞೆಗೆ ಅದನ್ನು ಸೇರಿಸಬಾರದು.

ಬಹುತೇಕ ಯಾವ ಆಜ್ಞೆಯ ವಿವರ ಬೇಕಾದರೂ ‘ಮ್ಯಾನ್’ ಎಂದು ಬರೆದು, ಮುಂದೆ ಆ ಆಜ್ಞೆಯ ಹೆಸರು ಕೊಟ್ಟರೆ ಇಂಟರ್ನೆಟ್ ಇಲ್ಲದೆಯೂ ಕೈಪಿಡಿ ತೆರೆಯುತ್ತದೆ. ಹೊಸಬರು ಆಜ್ಞೆಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ತಮ್ಮ ಊರಿನ, ತಮ್ಮ ಕೆಲಸದ ಒಂದು ಕನ್ನಡ ಕಡತವನ್ನು ಎದುರಿಗಿಟ್ಟುಕೊಂಡು ಕಲಿಯಲಿ. ಹಾಗೆ ಕಲಿತದ್ದು ಮರೆಯುವುದಿಲ್ಲ.